ಉಗ್ರಾಣದ ಬೀಗದ ಕೈ ಮತ್ತು ಹಾಸ್ಟೆಲ್ ಮಕ್ಕಳು

ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಜೂನ್ ಬಂತೆಂದರೆ ಅಜ್ಜಂಪುರದ ಝೆರಾಕ್ಸ್ ಅಂಗಡಿಗಳ ಮುಂದೆ ಈ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಿಂತ ಅಪ್ಪ-ಮಕ್ಕಳು ಕಾಣಿಸುತ್ತಾರೆ. ಶಿವನಿ ಕಡೆಯವರು, ಬುಕ್ಕಾಂಬುಧಿ ಕಡೆಯವರು, ಗಡಿ ದಾಟಿದರೆ ಹೊಸದುರ್ಗ ಸೀಮೆಯವರು. ಪಿಯುಸಿಗೆ ತರೀಕೆರೆಯೋ ಬೀರೂರೋ ಕಡೂರೋ, ಡಿಗ್ರಿಗೆ ಶಿವಮೊಗ್ಗವೋ ಚಿಕ್ಕಮಗಳೂರೋ ಎಂದು ಲೆಕ್ಕ ಹಾಕುವಾಗ ಕಾಲೇಜಿಗಿಂತ ಮೊದಲು ಬರುವ ಮಾತು ಹಾಸ್ಟೆಲಿನದು. ‘ಸೀಟು ಆಯ್ತಾ?’ ಎಂದು ಊರೆಲ್ಲ ಕೇಳುತ್ತದೆ. ಸೀಟು ಆದಮೇಲೆ ಆ ಹಾಸ್ಟೆಲ್ ಹೇಗೆ ನಡೆಯುತ್ತದೆ, ಅದನ್ನು ನಡೆಸುವುದರಲ್ಲಿ ಅಲ್ಲಿ ಮಲಗಿ ಏಳುವ ಮಕ್ಕಳ ಮಾತಿಗೆ ಜಾಗ ಉಂಟೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಸಾರಿನಲ್ಲಿ ಹುಳ ಸಿಕ್ಕ ದಿನ, ತಟ್ಟೆ ಹಿಡಿದು ಮಕ್ಕಳು ರಸ್ತೆಯಲ್ಲಿ ಕೂತ ಫೋಟೋ ಪೇಪರಿನಲ್ಲಿ ಬಂದ ದಿನ ಮಾತ್ರ ಕೇಳುತ್ತಾರೆ.

ಲಾಭಕ್ಕಲ್ಲದೆ ನಡೆಯುವ ವಸತಿಗಳ ವಿಷಯವಷ್ಟೇ ಇಲ್ಲಿ. ಪಿಜಿಗಳ ಮಾತು ಬೇರೆ. ಅಲ್ಲಿ ಮಾಲೀಕನಿಗೂ ಇರುವವರಿಗೂ ಗಿರಾಕಿ ಸಂಬಂಧ, ಹಿಡಿಸದಿದ್ದರೆ ಮುಂದಿನ ಬೀದಿ. ಆದರೆ ಸರ್ಕಾರದ ಹಾಸ್ಟೆಲು, ಸಂಘ ಅಥವಾ ಮಠ ನಡೆಸುವ ವಿದ್ಯಾರ್ಥಿ ನಿಲಯ, ಕಾಲೇಜಿನ ಮೆಸ್ಸು, ನಾಲ್ಕೈದು ಹುಡುಗರು ಕೂಡಿ ಮಾಡಿಕೊಂಡ ಬಾಡಿಗೆ ರೂಮು, ಇವುಗಳಲ್ಲಿ ಲಾಭ ಒಯ್ಯುವವರು ಇಲ್ಲ, ಇರಬಾರದು. ಉಳಿದದ್ದು ತಟ್ಟೆಗೆ ಬರಬೇಕು. ಬರುತ್ತಿದೆಯೋ ಇಲ್ಲವೋ ನೋಡಲು ತಟ್ಟೆಯ ಮುಂದೆ ಕೂತವರಿಗಿಂತ ಒಳ್ಳೆಯ ಕಾವಲು ಇನ್ನೊಂದಿಲ್ಲ.

ಯಾರದು ಈ ಮನೆ?

ಈ ಕಾವಲಿನ ಕೆಲಸ ಶುರು ಮಾಡುವ ಮುನ್ನ ಹಾಸ್ಟೆಲು ಯಾರ ಕೈಯಲ್ಲಿದೆ ಎಂದು ತಿಳಿಯಬೇಕು. ಯಾರನ್ನು ಕೇಳಬೇಕು ಎಂಬುದು ಅದರ ಮೇಲೆ ನಿಂತಿದೆ.

ನಮ್ಮ ಸೀಮೆಯ ಹೆಚ್ಚಿನ ಮಕ್ಕಳು ಇರುವುದು ಇಲಾಖೆ ಹಾಸ್ಟೆಲುಗಳಲ್ಲಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯದು, ಹಿಂದುಳಿದ ವರ್ಗದವರಿಗೆ ಎಲ್ಲರೂ ‘ಬಿಸಿಎಂ’ ಎಂದೇ ಕರೆಯುವ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದು. ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ ಇಲಾಖೆಗಳದ್ದು ಬೇರೆ. ಹತ್ತನೇ ತರಗತಿವರೆಗೆ ಮೆಟ್ರಿಕ್ ಪೂರ್ವ, ಅಲ್ಲಿಂದ ಮುಂದೆ ಮೆಟ್ರಿಕ್ ನಂತರ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನು ನೋಡಿಕೊಳ್ಳುವುದಕ್ಕೆ ಒಂದು ಪ್ರತ್ಯೇಕ ಸರ್ಕಾರಿ ಸಂಘವೇ ಇದೆ. ಇವುಗಳಲ್ಲಿ ತಲೆಗೆ ಇಷ್ಟು ಎಂದು ತಿಂಗಳ ಊಟದ ಹಣ ಗೊತ್ತಾಗಿರುತ್ತದೆ. ವಾರ್ಡನ್, ಅಂದರೆ ಕಾಗದದಲ್ಲಿ ‘ನಿಲಯ ಮೇಲ್ವಿಚಾರಕರು’, ಅವರ ಮೇಲೆ ತಾಲ್ಲೂಕು ಅಧಿಕಾರಿ, ಅವರ ಮೇಲೆ ಚಿಕ್ಕಮಗಳೂರಿನಲ್ಲಿ ಕೂರುವ ಜಿಲ್ಲಾ ಅಧಿಕಾರಿ. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದರೂ ಪ್ರತಿ ಇಲಾಖೆಯ ತಾಲ್ಲೂಕು ಅಧಿಕಾರಿಯೂ ಇಲ್ಲೇ ಸಿಗುತ್ತಾರೆಂದು ನಂಬಿಕೊಳ್ಳಬೇಡಿ. ನಿಮ್ಮ ಹಾಸ್ಟೆಲು ಯಾರ ವ್ಯಾಪ್ತಿಗೆ ಬರುತ್ತದೆ ಎಂದು ವಾರ್ಡನ್ ಕೋಣೆಯ ಗೋಡೆ ಮೇಲೆ ಬರೆಸಿ ಹಾಕಿಸುವುದೇ ಮೊದಲ ಕೆಲಸ.

ಸಂಘ-ಟ್ರಸ್ಟುಗಳ ನಿಲಯಗಳಿಗೆ ಹಳೆಯ ಬೇರು ಇದೆ. ಹಾಸ್ಟೆಲು ಇಲ್ಲದ ಕಾಲದಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು: ಸೋಮವಾರ ಈ ಮನೆ, ಮಂಗಳವಾರ ಆ ಮನೆ. ಆ ಅನ್ನ ಜಾತಿಯ ಬಾಗಿಲಲ್ಲಿ ನಿಲ್ಲುತ್ತಿತ್ತು, ಎಲ್ಲರಿಗೂ ಸಿಗುತ್ತಿರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ಮಕ್ಕಳ ಏಳಿಗೆಗೆ ಕಟ್ಟಿದ ಸಂಸ್ಥೆ ಶಾಲೆಯ ಜೊತೆ ವಸತಿಯನ್ನೂ ಕೊಟ್ಟಿತು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ಮಠ, ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ದತ್ತಿ, ಆಮೇಲೆ ಜಿಲ್ಲೆ ಜಿಲ್ಲೆಯಲ್ಲೂ ಎದ್ದ ಜಾತಿ ಸಂಘಗಳ ಬೋರ್ಡಿಂಗುಗಳು. ಎಷ್ಟೋ ಮಠಗಳ ನಿಲಯದಲ್ಲಿ ತರಕಾರಿ ಹೆಚ್ಚುವುದು, ಬಡಿಸುವುದು, ಅಂಗಳ ಗುಡಿಸುವುದು ಮಕ್ಕಳದೇ ಸರದಿ. ದುಡಿಮೆಯಲ್ಲಿ ಪಾಲು ಕೊಡುವುದು ನಮ್ಮವರಿಗೆ ಚೆನ್ನಾಗಿ ಬರುತ್ತದೆ. ಲೆಕ್ಕದಲ್ಲಿ ಪಾಲು ಕೊಡುವುದು ಮಾತ್ರ ಇನ್ನೂ ಅಷ್ಟಾಗಿ ರೂಢಿಯಾಗಿಲ್ಲ.

ಲೆಕ್ಕದಲ್ಲೂ ಪಾಲು ಕೊಟ್ಟ ಒಂದು ಉದಾಹರಣೆ ನಮ್ಮ ಕರಾವಳಿಯ ಜನರಿಂದಲೇ ಬಂದಿದೆ. ಕೆನರಾ ಸೀಮೆಯಿಂದ ಮುಂಬಯಿಗೆ ಕೆಲಸ ಅರಸಿ ಹೋದ ಸಾರಸ್ವತ ಗುಮಾಸ್ತರಿಗೆ ಅಲ್ಲಿ ಬಾಡಿಗೆ ಮನೆಯೇ ದೊಡ್ಡ ಕಷ್ಟವಾಗಿತ್ತು. ಶ್ರೀಪಾದ ಸುಬ್ರಾವ ತಲ್ಮಕಿ ಎಂಬ ಸಹಕಾರಿ ಧುರೀಣರು ಮೊದಲು 1906ರಲ್ಲಿ ಶಾಮರಾವ್ ವಿಠಲ್ ಹೆಸರಿನ ಸಹಕಾರಿ ಬ್ಯಾಂಕ್ ಕಟ್ಟಿದರು. ನಂತರ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿತು. ಜಾಗವೂ ಕಟ್ಟಡವೂ ಸಂಘದ್ದು. ಇರುವವರು ಅದರ ಷೇರುದಾರರೂ ಹೌದು, ಬಾಡಿಗೆದಾರರೂ ಹೌದು. ಬಾಡಿಗೆ ಎಷ್ಟು, ರಿಪೇರಿ ಯಾವಾಗ ಎಂಬುದನ್ನು ಬಾಡಿಗೆ ಕೊಡುವವರೇ ಸಭೆ ಸೇರಿ ತೀರ್ಮಾನಿಸುವ ಏರ್ಪಾಡು. ಅದಕ್ಕೂ ಮುಂಚೆ, 1909ರಲ್ಲೇ, ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ನೋಂದಣಿಯಾಗಿತ್ತು. ದೇಶದ ವಸತಿ ಸಹಕಾರದ ಮೊದಲ ಹೆಸರೆಂದು ಅದನ್ನು ಹೇಳುತ್ತಾರೆ. ಇಷ್ಟು ಹಿಂದೆ ಶುರುವಾದ ವಿದ್ಯೆ ಹಾಸ್ಟೆಲುಗಳ ಬಾಗಿಲಿಗೆ ಯಾಕೆ ಬರಲಿಲ್ಲವೋ! ಮಕ್ಕಳು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆ, ಅವರಿಗೇನು ತಿಳಿಯುತ್ತದೆ ಎಂಬ ಧೋರಣೆಯೇ ಕಾರಣವಿರಬೇಕು.

ಉಗ್ರಾಣದಿಂದ ಶುರು ಮಾಡಿ

ಹಾಸ್ಟೆಲು ಸುಧಾರಿಸಬೇಕು ಎಂದಾಗ ಮೇಲಿನವರಿಗೆ ತಕ್ಷಣ ಹೊಳೆಯುವುದು ಸಲಹಾ ಪೆಟ್ಟಿಗೆ. ಗೋಡೆಗೆ ಒಂದು ತಗಡಿನ ಡಬ್ಬ, ಅದಕ್ಕೊಂದು ಬೀಗ. ನಾನು ಈ ಡಬ್ಬದ ಅಭಿಮಾನಿಯಲ್ಲ. ಬರೆದವನ ಅಕ್ಷರ ಗುರುತು ಸಿಗುತ್ತದೆ ಎಂಬ ಭಯಕ್ಕೆ ಯಾರೂ ಚೀಟಿ ಹಾಕುವುದಿಲ್ಲ. ಹಾಕಿದರೂ ಅದನ್ನು ತೆಗೆಯುವವರು ಯಾರ ಮೇಲೆ ದೂರಿದೆಯೋ ಅವರೇ. ಡಬ್ಬಕ್ಕೆ ಬೀಗ ಹಾಕುವ ಬದಲು ಉಗ್ರಾಣದ ಬೀಗ ತೆಗೆಯುವಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಯಾವ ಹಾಸ್ಟೆಲಿನಲ್ಲೂ ಮುಖ್ಯವಾದ ಪುಸ್ತಕಗಳು ಎರಡೇ: ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ. ಇಂದು ಎಷ್ಟು ಮಂದಿ ಉಂಡರು ಎಂದು ಮೊದಲನೆಯದು ಹೇಳುತ್ತದೆ, ಉಗ್ರಾಣದಿಂದ ಎಷ್ಟು ಸಾಮಾನು ಹೊರಬಿತ್ತು ಎಂದು ಎರಡನೆಯದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಿಕ್ಕ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಇದು ಉದಾಹರಣೆಗಷ್ಟೇ, ನಿಮ್ಮ ಹಾಸ್ಟೆಲಿನ ತಲಾ ಪ್ರಮಾಣ ಎಷ್ಟೆಂದು ಅಲ್ಲಿನ ಆದೇಶದಲ್ಲಿ ನೋಡಿಕೊಳ್ಳಿ. ದಿನಕ್ಕೆ ತಲೆಗೆ 400 ಗ್ರಾಂ ಅಕ್ಕಿ ಎಂದಿಟ್ಟುಕೊಳ್ಳಿ. ದಾಖಲಾದವರು 75. ಶನಿವಾರ ಮಧ್ಯಾಹ್ನ ಬೀರೂರಿನಿಂದ ಸಿಕ್ಕ ರೈಲು ಹತ್ತಿ ಊರಿಗೆ ಹೋದವರು, ಜ್ವರ ಬಂದು ಮನೆ ಸೇರಿದವರು ಎಲ್ಲ ಕಳೆದು ಪಂಕ್ತಿಗೆ ಕೂತವರು 60. ಅರವತ್ತಕ್ಕೆ ಬೇಕಾದದ್ದು 24 ಕಿಲೋ. ಪುಸ್ತಕದಲ್ಲಿ ಎಪ್ಪತ್ತೈದಕ್ಕೇ ಬರೆದಿದ್ದರೆ 30 ಕಿಲೋ. ವ್ಯತ್ಯಾಸ ದಿನಕ್ಕೆ 6 ಕಿಲೋ, ದಿನವೂ ಹೀಗೇ ಆದರೆ 26 ದಿನಕ್ಕೆ 156 ಕಿಲೋ, ಅಂದರೆ 50 ಕಿಲೋ ಚೀಲದಲ್ಲಿ ಮೂರಕ್ಕಿಂತ ಹೆಚ್ಚು. ಈ ಚೀಲಗಳು ಉಗ್ರಾಣದಲ್ಲೇ ಉಳಿದಿವೆಯೆ? ಉಳಿದಿದ್ದರೆ ಸಂತೋಷ, ಮುಂದಿನ ತಿಂಗಳ ದಾಸ್ತಾನಿಗೆ ಜಮಾ ಆಗಬೇಕು. ಇಲ್ಲವಾದರೆ ಎಲ್ಲಿ?

ಕಳ್ಳತನವನ್ನೇ ಊಹಿಸಿಕೊಂಡು ಹೊರಡಬೇಡಿ. ಎಷ್ಟೋ ಕಡೆ ವಾರ್ಡನ್ ಒಬ್ಬರಿಗೇ ಎರಡು ಮೂರು ಹಾಸ್ಟೆಲುಗಳ ಪ್ರಭಾರ. ಪುಸ್ತಕ ಬರೆಯುವುದು ವಾರಕ್ಕೊಮ್ಮೆ, ಅಂದಾಜಿನ ಮೇಲೆ. ಅಡುಗೆಯವರಿಗೆ ಇಂದು ಎಷ್ಟು ಮಂದಿ ಎಂದು ಹೇಳುವವರಿಲ್ಲದೆ ಎಲ್ಲರಿಗೂ ಬೇಯಿಸಿ ಮಿಕ್ಕಿದ್ದನ್ನು ಚೆಲ್ಲಿದ್ದೂ ಇರಬಹುದು. ಅದಕ್ಕೆ ಪರಿಹಾರ ಸುಲಭ: ಬೆಳಿಗ್ಗೆ ತಿಂಡಿ ಹೊತ್ತಿಗೆ, ಸಂಜೆ ಐದಕ್ಕೆ ಮಕ್ಕಳಲ್ಲಿ ಒಬ್ಬರು ತಲೆ ಎಣಿಸಿ ಅಡುಗೆಮನೆಯ ಕರಿಹಲಗೆಯ ಮೇಲೆ ಸಂಖ್ಯೆ ಬರೆಯುವುದು. ಅಡುಗೆಯವರು ಅಳೆದುಕೊಳ್ಳುವಾಗ ಅವತ್ತಿನ ಸರದಿಯ ಇಬ್ಬರು ಪಕ್ಕದಲ್ಲಿರುವುದು, ದಾಸ್ತಾನು ಪುಸ್ತಕದಲ್ಲಿ ಅವರದೂ ಸಹಿ ಬೀಳುವುದು. ಬಯೋಮೆಟ್ರಿಕ್ ಹಾಜರಾತಿ ಇರುವ ಕಡೆ ಆ ಸಂಖ್ಯೆಗೂ ಹಲಗೆಯ ಸಂಖ್ಯೆಗೂ ತಾಳೆ ನೋಡಬೇಕು. ಬೆರಳು ಒತ್ತಿ ಮನೆಗೆ ಹೋದವರು ಎಲ್ಲ ಊರಿನಲ್ಲೂ ಇದ್ದಾರೆ. ವಾರ್ಡನ್ನರ ಕೈ ನೋಡುವ ಮಕ್ಕಳು ತಮ್ಮ ಬೆರಳನ್ನೂ ನೋಡಿಕೊಳ್ಳಬೇಕಾಗುತ್ತದೆ.

ಸಾಮಾನು ಬಂದ ದಿನ ಇನ್ನೂ ಮುಖ್ಯ. ಇಲಾಖೆ ಹಾಸ್ಟೆಲುಗಳಿಗೆ ದಿನಸಿ ಬರುವುದು ಹೆಚ್ಚಾಗಿ ಟೆಂಡರ್ ಹಿಡಿದವರಿಂದ. ಲಾರಿ ಬಂದಾಗ ಮಕ್ಕಳು ಕಾಲೇಜಿನಲ್ಲಿರುತ್ತಾರೆ, ಅದೇ ತೊಂದರೆ. ಸಂಜೆ ಅಥವಾ ಭಾನುವಾರ ತರಿಸಿ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಬಿಲ್ಲಿನಲ್ಲಿ ಬರೆದ ತೂಕ ತಕ್ಕಡಿಯಲ್ಲಿದೆಯೇ, ಬಿಲ್ಲಿನ ಬೇಳೆಯೂ ಚೀಲದ ಬೇಳೆಯೂ ಒಂದೇ ಜಾತಿಯದೇ, ಎಣ್ಣೆ ಪ್ಯಾಕೆಟ್ಟಿನ ಮೇಲಿನ ತಾರೀಕು ಏನು ಎಂದು ನೋಡಿ. ಹುಳ ಬಿದ್ದ ರವೆಯನ್ನು ಲಾರಿ ಇರುವಾಗಲೇ ಹಿಂದಕ್ಕೆ ಕಳಿಸಬೇಕು. ಲಾರಿ ಹೋದಮೇಲೆ ಅದು ನಿಮ್ಮ ಉಪ್ಪಿಟ್ಟು.

ಸಮಿತಿ ಎಂದರೆ ವಾರ್ಡನ್ನರ ಬಲಗೈ ಬಂಟರಲ್ಲ

ಆಹಾರ ಸಮಿತಿ, ಮೆಸ್ ಕಮಿಟಿ, ವಿದ್ಯಾರ್ಥಿ ಸಮಿತಿ ಎಂದು ಬಹಳಷ್ಟು ಹಾಸ್ಟೆಲುಗಳಲ್ಲಿ ಹೆಸರಿಗೆ ಒಂದಿರುತ್ತದೆ. ಅದನ್ನು ಮಾಡುವ ರೀತಿ ಗೊತ್ತೇ ಇದೆ: ಅಧಿಕಾರಿ ಬರುವ ಹಿಂದಿನ ದಿನ ಚುರುಕಾಗಿ ಮಾತಾಡುವ ನಾಲ್ಕು ಜನರನ್ನು ಕರೆದು ಹೆಸರು ಬರೆದುಕೊಳ್ಳುವುದು. ಅಂಥ ಸಮಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೋಣೆಗೆ ಒಬ್ಬರಂತೆ, ದೊಡ್ಡ ಹಾಲ್ ಆದರೆ ಹತ್ತು ಜನಕ್ಕೆ ಒಬ್ಬರಂತೆ ಮಕ್ಕಳೇ ಆರಿಸಲಿ. ಕೈ ಎತ್ತಿಸುವುದಕ್ಕಿಂತ ಚೀಟಿ ಮೇಲು. ಮೊದಲ ವರ್ಷದವರು ಕಡ್ಡಾಯವಾಗಿ ಇರಲಿ, ಇಲ್ಲವಾದರೆ ಸೀನಿಯರ್‌ಗಳ ದರ್ಬಾರು ಶುರುವಾಗುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಬ್ಬರಿಗಾದರೂ ಬಚ್ಚಲುಮನೆಯದೇ ಹೊಣೆ ಕೊಡಬೇಕು: ಚಿಲಕ ಬೀಳುತ್ತದೆಯೇ, ಬಲ್ಬು ಉರಿಯುತ್ತದೆಯೇ, ಪ್ಯಾಡ್ ಎಸೆಯುವ ಡಬ್ಬ ಖಾಲಿಯಾಗುತ್ತಿದೆಯೇ. ಇವು ಊಟದ ಚರ್ಚೆಯಲ್ಲಿ ಕಳೆದುಹೋಗುವ ವಿಷಯಗಳು. ಹೆಣ್ಣುಮಕ್ಕಳು ಹಾಸ್ಟೆಲು ಬಿಟ್ಟು ಮನೆಗೆ ಬರುವುದಕ್ಕೆ ಇವೂ ಕಾರಣ. ಅಧಿಕಾರಾವಧಿ ಎರಡು ತಿಂಗಳು ಸಾಕು. ವರ್ಷಪೂರ್ತಿ ಒಬ್ಬನೇ ಮೆಸ್ ಸೆಕ್ರೆಟರಿ ಆದರೆ ಅವನಿಗೆ ಓದೂ ಇಲ್ಲ, ಮಿಕ್ಕವರಿಗೆ ಲೆಕ್ಕವೂ ತಿಳಿಯುವುದಿಲ್ಲ.

ಅಡುಗೆಯವರನ್ನು ಸಭೆಗೆ ಕರೆಯಲೇಬೇಕು. ಕಾಲೇಜು ಮೆಸ್ಸಿನ ‘ಭಟ್ಟರು’ ಇರಲಿ, ಹಾಸ್ಟೆಲಿನ ‘ಅಕ್ಕ’ ಇರಲಿ, ಸಾರು ನೀರಾಗುವುದಕ್ಕೆ ಅವರನ್ನೇ ಬೈಯುವುದು ರೂಢಿ. ಎಪ್ಪತ್ತು ಮಂದಿಗೆ ಎರಡು ಒಲೆ, ಇಬ್ಬರು ಹೆಂಗಸರು, ತಿಂಗಳುಗಟ್ಟಲೆ ತಡವಾದ ಹೊರಗುತ್ತಿಗೆ ಸಂಬಳ ಎಂದು ಅವರ ಬಾಯಿಂದ ಕೇಳಿದ ಮೇಲೆ ಮಕ್ಕಳ ದೂರಿನ ದಿಕ್ಕು ಬದಲಾಗುತ್ತದೆ. ‘ಅಕ್ಕಾ, ಮುದ್ದೆ ಗಂಟು’ ಎನ್ನುವ ಬಾಯಿ ‘ಸಾರ್, ಇನ್ನೊಂದು ಒಲೆ ಕೊಡಿಸಿ’ ಎನ್ನುತ್ತದೆ.

ತಿಂಗಳಿಗೊಂದು ಸಭೆ, ಅದಕ್ಕೊಂದು ನಡಾವಳಿ ಪುಸ್ತಕ. ಪುಟಕ್ಕೆ ನಂಬರು ಹಾಕಿದ ಉದ್ದ ನೋಟ್‌ಬುಕ್ಕು ಸಾಕು. ಏನು ಕೇಳಿದೆವು, ಯಾರು ಒಪ್ಪಿದರು, ಯಾವ ತಾರೀಕಿನೊಳಗೆ, ಇಷ್ಟೇ ಬರೆಯಿರಿ. ಹಿಂದಿನ ಸಭೆಯ ಪುಟ ಓದದೆ ಹೊಸ ಸಭೆ ಶುರು ಮಾಡಬೇಡಿ. ಪ್ರತಿ ಪುಟದ ಮೊಬೈಲ್ ಫೋಟೋ ಮೂವರ ಬಳಿ ಇರಲಿ. ಪುಸ್ತಕ ಕಳೆದುಹೋಯಿತು ಎಂಬ ಮಾತು ಕೇಳಿಬರದಂತೆ.

ಇಲ್ಲೊಂದು ಗೆರೆ ಎಳೆಯಬೇಕು. ಮೆಟ್ರಿಕ್ ಪೂರ್ವ ಹಾಸ್ಟೆಲಿನ ಮಕ್ಕಳು ಚಿಕ್ಕವರು. ಮೆನು ಹೇಳುವುದು, ತಲೆ ಎಣಿಸುವುದು, ತೂಕಕ್ಕೆ ಸಾಕ್ಷಿ ನಿಲ್ಲುವುದು ಅವರ ಕೈಲಾಗುತ್ತದೆ. ನಗದು ಅವರ ಕೈಗೆ ಕೊಡಬಾರದು, ಕುದಿಯುವ ಪಾತ್ರೆ ಎತ್ತಿಸಬಾರದು, ಕಕ್ಕಸು ತೊಳೆಸಬಾರದು. ‘ಶ್ರಮದಾನ’ದ ಹೆಸರಿನಲ್ಲಿ ಖಾಲಿ ಹುದ್ದೆಯ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಿದರೆ ಅದನ್ನು ಭಾಗವಹಿಸುವಿಕೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಅದರಲ್ಲೂ ಕೆಲವು ಮಕ್ಕಳ ಸರದಿಯಲ್ಲಿ ಪೊರಕೆ, ಕೆಲವರ ಸರದಿಯಲ್ಲಿ ಬಡಿಸುವ ಸೌಟು ಎಂದು ಹಂಚಿಕೆಯಾದರೆ ಅದರ ಹಿಂದೆ ಜಾತಿ ಇದೆಯೋ ಎಂದು ನೋಡಿ. ಸರದಿ ಪಟ್ಟಿ ಹಾಜರಿ ನಂಬರಿನ ಪ್ರಕಾರವೇ ತಿರುಗಬೇಕು. ಹಾಗೆಯೇ ಶಿಸ್ತಿನ ವಿಚಾರಣೆ, ಶಿಕ್ಷೆ ಸಮಿತಿಯ ಕೆಲಸವಲ್ಲ. ರಾತ್ರಿ ತಡವಾಗಿ ಬಂದವರನ್ನು ಹಿಡಿದುಕೊಡುವ ಕೆಲಸ ಒಪ್ಪಿಕೊಂಡ ಸಮಿತಿಯನ್ನು ಮಿಕ್ಕ ಮಕ್ಕಳು ಮತ್ತೆ ನಂಬುವುದಿಲ್ಲ.

ದೊಡ್ಡವರಾದರೆ ಮಾತು ಬೇರೆ. ಅಮೆರಿಕದ ಬರ್ಕ್ಲಿಯಲ್ಲಿ 1933ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ವಿಶ್ವವಿದ್ಯಾಲಯದ ಹದಿನಾಲ್ಕು ಹುಡುಗರು ಸೇರಿ ಶುರು ಮಾಡಿದ ಸಹಕಾರಿ ವಸತಿ ಇಂದು ಬೇರೆ ಬೇರೆ ಮನೆಗಳಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಜಾಗ ಕೊಟ್ಟಿದೆ. ವಾರಕ್ಕೆ ಸುಮಾರು ಐದು ಗಂಟೆ ಅಡುಗೆ, ಪಾತ್ರೆ, ಗುಡಿಸುವುದು, ಲೆಕ್ಕ, ಯಾವುದಾದರೊಂದು ಕೆಲಸ ಪ್ರತಿಯೊಬ್ಬರೂ ಮಾಡಬೇಕು. ಆಡಳಿತ ಮಂಡಳಿಗೂ ವಿದ್ಯಾರ್ಥಿಗಳೇ ಆರಿಸಿ ಬರುತ್ತಾರೆ. ಕೆಲಸ ಮಾಡುವವರ ಕೈಯಲ್ಲೇ ಓಟೂ ಇರುವುದರಿಂದ ಬಿಟ್ಟಿ ಚಾಕರಿ ಎಂಬ ಗೊಣಗಾಟಕ್ಕೆ ಅಲ್ಲಿ ಎಡೆ ಕಡಿಮೆ.

ಮುದ್ದೆಯೋ ಅನ್ನವೋ

ಮೆನು ಜಗಳ ಎಲ್ಲ ಹಾಸ್ಟೆಲಿನ ಮೊದಲ ಜಗಳ. ಅಜ್ಜಂಪುರ ಕಡೂರು ಕಡೆಯ ಬಯಲುಸೀಮೆಯವರಿಗೆ ರಾಗಿ ಮುದ್ದೆ ಬೇಕು, ತರೀಕೆರೆಯ ಅಡಿಕೆ ತೋಟದ ಕಡೆಯವರಿಗೆ ಅನ್ನ ಸಾಕು, ಚಿತ್ರದುರ್ಗದ ಕಡೆಯಿಂದ ಬಂದವರು ರೊಟ್ಟಿ ಕೇಳುತ್ತಾರೆ. ಬರೀ ರುಚಿಯ ಮೇಲೆ ಓಟು ಹಾಕಿಸಿದರೆ ದಿನಾ ಪೂರಿ, ದಿನಾ ಕೋಳಿ ಗೆಲ್ಲುತ್ತದೆ. ಅದಕ್ಕೆ ಬೆಲೆಯನ್ನೂ ಪಕ್ಕದಲ್ಲಿ ಬರೆದು ಓಟು ಹಾಕಿಸಿ. ಮೊಟ್ಟೆ ಒಂದಕ್ಕೆ ಎಷ್ಟು, ಪೂರಿಯ ಎಣ್ಣೆ ತಲೆಗೆ ಎಷ್ಟು, ಚಿತ್ರಾನ್ನಕ್ಕೆ ಎಷ್ಟು ಎಂದು ಒಂದು ಹಲಗೆಯ ಮೇಲೆ ಬರೆದಿಟ್ಟು, ವಾರಕ್ಕೆ ತಲಾ ಇಷ್ಟು ಹಣ, ಇದರೊಳಗೆ ಜೋಡಿಸಿ ಎಂದು ಬಿಟ್ಟರೆ ಹದಿನೇಳರ ಹುಡುಗರು ಮನೆಯ ಗೃಹಿಣಿಯಷ್ಟೇ ಚೆನ್ನಾಗಿ ಜೋಡಿಸುತ್ತಾರೆ. ಸರ್ಕಾರಿ ಹಾಸ್ಟೆಲಿನಲ್ಲಿ ಮೆನು ಮೇಲಿನಿಂದ ಬಂದಿರುತ್ತದೆ, ಆದರೂ ಯಾವ ದಿನ ಯಾವುದು ಎಂಬಷ್ಟು ಅದಲು ಬದಲಿಗೆ ಸಾಮಾನ್ಯವಾಗಿ ಅವಕಾಶ ಸಿಗುತ್ತದೆ. ಕೇಳಬೇಕು.

ಖರೀದಿ ಮಕ್ಕಳ ಕೈಯಲ್ಲಿರುವ ಮೆಸ್ಸುಗಳಿಗೆ ಒಂದು ಸ್ಥಳೀಯ ಎಚ್ಚರಿಕೆ. ನಮ್ಮ ಕಡೆ ಮುಂಗಾರಿನ ಈರುಳ್ಳಿ ಕಿತ್ತು ಮಾರುಕಟ್ಟೆಗೆ ಬರುವ ಹೊತ್ತಿನಲ್ಲಿ ಬೆಲೆ ನೆಲ ಕಚ್ಚುವುದುಂಟು. ಆಗ ಹೊಲದಲ್ಲೇ ಹತ್ತಿಪ್ಪತ್ತು ಚೀಲ ಕೊಂಡುಬಿಡೋಣ ಎಂಬ ಉತ್ಸಾಹ ಬರುತ್ತದೆ, ರೈತನ ಮಕ್ಕಳಲ್ಲವೇ. ಆದರೆ ಮುಂಗಾರು ಈರುಳ್ಳಿಯಲ್ಲಿ ನೀರಿನಂಶ ಹೆಚ್ಚು, ಬೇಸಿಗೆ ಬೆಳೆಯಂತೆ ತಿಂಗಳುಗಟ್ಟಲೆ ತಡೆಯುವುದಿಲ್ಲ. ಗಾಳಿಯಾಡದ ಉಗ್ರಾಣದಲ್ಲಿ ಮೊಳಕೆ ಒಡೆದು ಕೊಳೆಯುತ್ತದೆ. ಮೂರು ನಾಲ್ಕು ವಾರಕ್ಕೆ ಆಗುವಷ್ಟೇ ಕೊಳ್ಳಿ. ರಾಗಿ ಹಾಗಲ್ಲ, ಒಣಗಿಸಿ ಇಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಸುಗ್ಗಿಯಲ್ಲಿ ವರ್ಷದ ರಾಗಿ ಕೊಂಡು ತಿಂಗಳಿಗೊಮ್ಮೆ ಗಿರಣಿಗೆ ಕಳಿಸುವುದೇ ಲಾಭ.

ಡಿವೈಡಿಂಗ್ ಲೆಕ್ಕ

ಕಾಲೇಜು, ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ‘ಡಿವೈಡಿಂಗ್ ಸಿಸ್ಟಂ’ ಹಳೆಯ ರೂಢಿ. ತಿಂಗಳ ಖರ್ಚನ್ನು ಉಂಡ ದಿನಗಳಿಗೆ ಭಾಗಿಸಿ, ಅವರವರ ದಿನಕ್ಕೆ ತಕ್ಕಂತೆ ವಸೂಲು ಮಾಡುವುದು. ವಿದ್ಯಾರ್ಥಿಗಳೇ ನಡೆಸುವ ಮೆಸ್ಸಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ, ಏಕೆಂದರೆ ಪೋಲಾದದ್ದೆಲ್ಲ ಎಲ್ಲರ ಬಿಲ್ಲಿಗೇ ಬಂದು ಕೂರುತ್ತದೆ. ಆದರೆ ಲೆಕ್ಕ ಹಾಕುವ ರೀತಿಯಲ್ಲಿ ಒಂದು ತೊಡಕಿದೆ.

ನಲವತ್ತು ಜನರ ಮೆಸ್ಸು, ತಿಂಗಳ ಖರ್ಚು 96,000 ರೂಪಾಯಿ, ಎಲ್ಲರೂ ಉಂಡ ದಿನಗಳನ್ನು ಕೂಡಿದರೆ 1,000 ಎಂದಿಟ್ಟುಕೊಳ್ಳಿ. ದಿನಕ್ಕೆ 96 ರೂಪಾಯಿ. 28 ದಿನ ಉಂಡವನು 2,688 ಕೊಡಬೇಕು, 22 ದಿನ ಉಂಡವನು 2,112. ನೋಡಲು ಸರಿಯೇ. ಆದರೆ ಆ 96,000ದಲ್ಲಿ ಅಡುಗೆಯವರ ಸಂಬಳ, ಗ್ಯಾಸು, ಕರೆಂಟು 36,000 ಇದ್ದರೆ, ಅದು ನೀವು ಊರಿಗೆ ಹೋದರೂ ಕಡಿಮೆಯಾಗುವುದಿಲ್ಲ. ಹೋದವರ ಪಾಲನ್ನು ಇದ್ದವರು ಹೊರಬೇಕಾಗುತ್ತದೆ. ಅದಕ್ಕೆ ಸ್ಥಿರ ಖರ್ಚನ್ನು ಬೇರೆ ಮಾಡಿ: 36,000ವನ್ನು ನಲವತ್ತಕ್ಕೆ ಹಂಚಿದರೆ ತಲೆಗೆ 900. ಉಳಿದ 60,000 ದಿನಸಿಯ ಹಣ, ಸಾವಿರ ದಿನಕ್ಕೆ ಹಂಚಿದರೆ ದಿನಕ್ಕೆ 60. ಈಗ 28 ದಿನದವನದು 2,580, 22 ದಿನದವನದು 2,220. ದೂರದ ಊರಿನವರು, ರಜೆಯಲ್ಲೂ ಹಾಸ್ಟೆಲಿನಲ್ಲೇ ಇರುವವರು ಸಾಮಾನ್ಯವಾಗಿ ಬಡವರು. ಈ ಒಂದು ಬದಲಾವಣೆಯಿಂದ ಅವರ ಹೊರೆ ಸ್ವಲ್ಪ ಇಳಿಯುತ್ತದೆ.

ಉಣ್ಣದ ದಿನಗಳ ಹಣ ಕಳೆಯುವ ‘ಮೆಸ್ ಕಟ್’ ನಿಯಮ ಬರೆದಿಡಿ. ಹಿಂದಿನ ದಿನ ಸಂಜೆಯೊಳಗೆ ಪುಸ್ತಕದಲ್ಲಿ ಬರೆದರೆ ಮಾತ್ರ ಕಡಿತ, ಸತತ ಎರಡು ದಿನವಾದರೂ ಇಲ್ಲದಿದ್ದರೆ ಮಾತ್ರ ಕಡಿತ, ಹೀಗೆ ಯಾವುದೋ ಒಂದು. ಅತಿಥಿ ಊಟದ ದರ ದಿನದ ದರಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ. ತಿಂಗಳ ಕೊನೆಗೆ ಬಿಲ್ಲುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ ನೋಟೀಸ್ ಬೋರ್ಡಿನ ಪಕ್ಕ ಎರಡು ದಿನ ತೂಗುಹಾಕಿ. ಒಬ್ಬರೂ ತಿರುವಿ ನೋಡದೇ ಇರಬಹುದು. ಬಿಲ್ಲು ಬರೆಸುವವನಿಗೆ ಯಾರೋ ನೋಡಬಹುದು ಎಂದು ಗೊತ್ತಿದ್ದರೆ ಸಾಕು.

ಹಾಸ್ಟೆಲ್ ಸಿಗದವರಿಗೆ 2013-14ರಲ್ಲಿ ಶುರುವಾದ ವಿದ್ಯಾಸಿರಿ ಇದೆ. ಊಟ ವಸತಿಗೆ ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಗೊತ್ತು ಮಾಡಿದ್ದರು. ಈ ಹಣ ನಂಬಿ ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಐದಾರು ಜನ ಕೂಡಿ ರೂಮು ಮಾಡುವವರಿದ್ದಾರೆ. ಸಹಾಯಧನ ತಿಂಗಳು ತಿಂಗಳೂ ಬರುವುದಿಲ್ಲ, ಬಂದಾಗ ಒಟ್ಟಿಗೆ ಬರುತ್ತದೆ. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಕೊಡಬೇಕು. ಆದ್ದರಿಂದ ಅಡ್ವಾನ್ಸು ಯಾರು ಎಷ್ಟು ಹಾಕಿದರು, ಮಧ್ಯೆ ಬಿಟ್ಟು ಹೋಗುವವರಿಗೆ ಅದು ಯಾವಾಗ ವಾಪಸ್, ಬದಲಿಗೆ ಬರುವವರನ್ನು ಹುಡುಕುವ ಹೊಣೆ ಯಾರದು ಎಂಬ ಮೂರು ಸಂಗತಿಗಳನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬಾಡಿಗೆ ಕರಾರು ಒಬ್ಬನ ಹೆಸರಿನಲ್ಲಿದ್ದರೆ ಈ ಹಾಳೆಯೇ ಮಿಕ್ಕವರಿಗೆ ದಿಕ್ಕು. ಸ್ನೇಹದಲ್ಲಿ ಕಾಗದ ಯಾಕೆ ಎನ್ನುವವರಿಗೆ, ಆ ಸ್ನೇಹ ಉಳಿಯಲಿ ಎಂದೇ ಈ ಕಾಗದ ಎಂದು ಹೇಳಿ.

ಕೇಳಿದರೂ ತೋರಿಸದಿದ್ದರೆ

ಮೊದಲು ಬಾಯಲ್ಲಿ ಕೇಳಿ, ಆಮೇಲೆ ಬರಹದಲ್ಲಿ. ಅರ್ಜಿಗೆ ಸಹಿ ಹಾಕುವಾಗ ಒಬ್ಬಿಬ್ಬರು ಮುಂದೆ ನಿಲ್ಲದೆ ಕೋಣೆ ಪ್ರತಿನಿಧಿಗಳೆಲ್ಲ ಹಾಕಿ, ಯಾರೂ ಗುರಿಯಾಗುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ, ಸೀಲು ಪಡೆಯಿರಿ. ವಾರ್ಡನ್ ಹಂತದಲ್ಲಿ ಆಗದಿದ್ದರೆ ತಾಲ್ಲೂಕು ಅಧಿಕಾರಿ, ಅಲ್ಲಿಂದ ಜಿಲ್ಲಾ ಅಧಿಕಾರಿ. ‘ಊಟ ಸರಿ ಇಲ್ಲ’ ಎಂದು ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ‘ಈ ತಾರೀಕು, ಹಾಜರಿ 60, ಪುಸ್ತಕದಲ್ಲಿ 75ಕ್ಕೆ ಅಕ್ಕಿ ವಿತರಣೆ, ಫೋಟೋ ಲಗತ್ತು’ ಎಂದು ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಸರ್ಕಾರಿ ಹಾಸ್ಟೆಲಿನ ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯಿದೆ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಇಲ್ಲಿನ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಮಕ್ಕಳ ಬದಲು ತಂದೆ ತಾಯಿಯೋ ಊರಿನ ಹಿರಿಯರೋ ಅರ್ಜಿ ಹಾಕುವುದು ಒಳ್ಳೆಯದು. ಪ್ರತಿ ಕೇಳುವ ಮುಂಚೆ ‘ದಾಖಲೆ ಪರಿಶೀಲನೆಗೆ ಅವಕಾಶ ಕೊಡಿ’ ಎಂದು ಕೇಳಿದರೆ ನೂರಾರು ಪುಟದ ಪ್ರತಿಗೆ ಹಣ ತೆರುವುದು ತಪ್ಪುತ್ತದೆ. ಕೂತು ನೋಡಿ, ಬೇಕಾದ ಪುಟಗಳನ್ನಷ್ಟೇ ಪಡೆಯಬಹುದು.

ಸಂಘಗಳ ನಿಲಯಕ್ಕೆ ದಾರಿ ಬೇರೆ. ಅವುಗಳಲ್ಲಿ ಬಹಳಷ್ಟು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾದವು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಲೆಕ್ಕಪತ್ರ ಮಂಡನೆ, ನೋಂದಣಾಧಿಕಾರಿಗೆ ಸಲ್ಲಿಕೆ ಕಡ್ಡಾಯ. ಹಾಸ್ಟೆಲಿನಲ್ಲಿರುವ ಹುಡುಗ ಸಂಘದ ಸದಸ್ಯನಲ್ಲ, ಸಭೆಯಲ್ಲಿ ಅವನಿಗೆ ಓಟಿಲ್ಲ. ಅವನ ಅಪ್ಪನೋ ಮಾವನೋ ಸದಸ್ಯರಾಗಿರುತ್ತಾರೆ. ಚುನಾವಣೆಯಲ್ಲಿ ಮಾತ್ರ ಬಸ್ಸು ಹತ್ತುವ ಇವರು ವಾರ್ಷಿಕ ಸಭೆಗೂ ಹೋಗಿ ವಿದ್ಯಾರ್ಥಿ ನಿಲಯದ ಖರ್ಚು ಎಷ್ಟು, ದಾನ ಬಂದದ್ದು ಎಷ್ಟು ಎಂದು ಎದ್ದು ಕೇಳಬೇಕು. ನಿಲಯದ ಸಮಿತಿಗೆ ಇಬ್ಬರು ವಿದ್ಯಾರ್ಥಿಗಳನ್ನು ಖಾಯಂ ಆಹ್ವಾನಿತರಾಗಿ ಕೂರಿಸಿ ಎಂಬ ನಿರ್ಣಯ ತರುವುದಕ್ಕೂ ಅದೇ ಸಭೆ. ಹಳೆಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಅದೇ ಪಂಕ್ತಿಯಲ್ಲಿ ಉಂಡವರು, ಈಗ ಯಾರ ಹಂಗೂ ಇಲ್ಲದವರು.

ಹೊಡೆತ, ಕಿರುಕುಳ, ಮೈಮುಟ್ಟುವಿಕೆ, ರ‍್ಯಾಗಿಂಗ್ ಸಮಿತಿಯ ಅಜೆಂಡಾದಲ್ಲಿ ಚರ್ಚಿಸುವ ವಿಷಯಗಳಲ್ಲ. ಹದಿನೆಂಟರ ಒಳಗಿನವರಿಗೆ 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇದೆ. ಆ ನಂಬರು ವಾರ್ಡನ್ ಕೋಣೆಯಲ್ಲಲ್ಲ, ಮಕ್ಕಳು ಕೈ ತೊಳೆಯುವ ಜಾಗದಲ್ಲಿ ಬರೆದಿರಲಿ.

ಮಾರ್ಚಿಗೆ ಮೊದಲು

ಈ ಏರ್ಪಾಡುಗಳು ಸಾಯುವುದು ಜಗಳದಿಂದಲ್ಲ, ಪರೀಕ್ಷೆಯಿಂದ. ಕೊನೆಯ ವರ್ಷದವರು ಹಾಲ್ ಟಿಕೆಟ್ ಹಿಡಿದು ಓಡುವ ಹೊತ್ತಿಗೆ ನಡಾವಳಿ ಪುಸ್ತಕ ಯಾರದೋ ಟ್ರಂಕಿನ ತಳದಲ್ಲಿ ಊರು ಸೇರಿರುತ್ತದೆ, ಜೂನಿನಲ್ಲಿ ಬಂದವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಹಾಗಾಗಿ ಫೆಬ್ರವರಿಯ ಸಭೆಯೇ ಹಸ್ತಾಂತರದ ಸಭೆ ಆಗಲಿ. ಎರಡನೇ ವರ್ಷದ ಇಬ್ಬರಿಗೆ ನಡಾವಳಿ ಪುಸ್ತಕ, ಬಾಕಿ ಉಳಿದ ಬೇಡಿಕೆಗಳ ಪಟ್ಟಿ, ಮಾಹಿತಿ ಹಕ್ಕಿನ ಅರ್ಜಿಗಳ ಪ್ರತಿ, ತಕ್ಕಡಿ, ಮೆಸ್ ಖಾತೆ ಇದ್ದರೆ ಪಾಸ್‌ಬುಕ್ಕು ಇವಿಷ್ಟನ್ನೂ ಎಣಿಸಿ ಕೊಟ್ಟು ಸಹಿ ಪಡೆಯಿರಿ. ಡಿವೈಡಿಂಗ್ ಮೆಸ್ಸಿನಲ್ಲಿ ಠೇವಣಿ ವಾಪಸಾತಿ ಬಾಕಿ ಇರುವವರ ಹೆಸರುಗಳೂ ಆ ಪಟ್ಟಿಯಲ್ಲಿರಲಿ. ಜೂನಿನಲ್ಲಿ ಹೊಸಬರು ಬಂದ ಮೊದಲ ಭಾನುವಾರ ಆ ಇಬ್ಬರು ಅವರನ್ನು ಮೊದಲು ಕರೆದೊಯ್ಯಬೇಕಾದದ್ದು ಉಗ್ರಾಣಕ್ಕೆ; ಅಕ್ಕಿ ಅಳೆಯುವುದು ಹೇಗೆ, ಸಹಿ ಎಲ್ಲಿ ಹಾಕಬೇಕು ಎಂದು ತೋರಿಸಿಬಿಟ್ಟರೆ ಮುಂದಿನ ಸೋಮವಾರದಿಂದಲೇ ಸರದಿ ಹಚ್ಚಬಹುದು.